ಶೀತದಲ್ಲಿಟ್ಟ ರಕ್ತದ ಬಿಳಿಯ ಕಣಗಳು

ಸಖರಾಯಪಟ್ಟಣದ ಸುತ್ತಿನ ರಕ್ತದಾನ ಶಿಬಿರಗಳಿಗೆ ಬರುವ ಸದ್ಭಕ್ತರಲ್ಲಿ ಹಲವರು, ತಾವಿತ್ತ ರಕ್ತದಿಂದ ರೋಗಿಗೆ ರೋಗನಿರೋಧಕ ಶಕ್ತಿಯೂ ದೊರೆಯುವುದೆಂದು ನಂಬಿರುತ್ತಾರೆ. ಏಳು ಧಾತುಗಳಲ್ಲಿ ರಕ್ತವನ್ನು ಎರಡನೆಯದಾಗಿ ಎಣಿಸುವ ಆಯುರ್ವೇದವನ್ನು ಓದಿದ ನಮಗೂ ಈ ನಂಬಿಕೆ ಪ್ರಿಯವೇ. ಆದರೆ ಅದು ನಿಜವಲ್ಲ.

ರಕ್ತನಿಧಿಯಲ್ಲಿ ರಕ್ತವನ್ನು 2ರಿಂದ 6 ಡಿಗ್ರಿ ಸೆಲ್ಸಿಯಸ್ ಶೀತದಲ್ಲಿ ಇಡುತ್ತಾರೆ. ಕೆಂಪು ಕಣಗಳು, ಬೆರೆಸಿದ ದ್ರಾವಣಕ್ಕೆ ತಕ್ಕಂತೆ, 35 ಅಥವಾ 42 ದಿನ ಬಳಕೆಗೆ ಯೋಗ್ಯವಾಗಿರುತ್ತವೆ. ಸೂಕ್ಷ್ಮಾಣುಗಳನ್ನು ನುಂಗುವ ಬಿಳಿಯ ಕಣಗಳಾದರೋ ಒಂದು ದಿನ ಕಳೆಯುವಷ್ಟರಲ್ಲಿ ಶಕ್ತಿಗುಂದುತ್ತವೆ. ಬಳಿಕ ಅವು ಹೊರಬಿಡುವ ದ್ರವ್ಯಗಳು ರಕ್ತ ಪಡೆದವರಿಗೆ ಚಳಿಜ್ವರವನ್ನು ತರಬಲ್ಲವು. ಆದುದರಿಂದ ಅನೇಕ ಕಡೆ ಶೇಖರಣೆಗೆ ಮುನ್ನವೇ ಅವನ್ನು ಸೋಸಿ ತೆಗೆಯುತ್ತಾರೆ.

ಎಲ್ಲ ಬಿಳಿಯ ಕಣಗಳೂ ಹೀಗಲ್ಲ. ಲಿಂಫೋಸೈಟ್ ಎಂಬವು ಶೀತದಲ್ಲಿಯೂ ಹಲವು ದಿನ ಜೀವ ಹಿಡಿದಿರುತ್ತವೆ. “ಪರರದು ಬೇಡ, ಮಗನ ರಕ್ತವನ್ನೇ ಕೊಡಿ” ಎಂದು ಹಟ ಹಿಡಿಯುವವರು ಇದನ್ನು ಗಮನಿಸಬೇಕು. ಮಕ್ಕಳ, ಒಡಹುಟ್ಟಿದವರ ಕಣಗಳನ್ನು ರೋಗಿಯ ದೇಹವು ತನ್ನವೆಂದೇ ಬಗೆದು ಸುಮ್ಮನಿರಬಹುದು. ಅವು ಅಲ್ಲಿಯೇ ನೆಲೆಯೂರಿ ಆ ದೇಹದ ಮೇಲೆಯೇ ಎರಗಬಹುದು. ಇದು ಬಲು ವಿರಳ. ಬಂದರೆ ಬದುಕುವವರೂ ವಿರಳ. ಸೋಸುವುದರಿಂದಷ್ಟೇ ಇದು ತಪ್ಪದು. ಬಂಧುಗಳ ರಕ್ತವನ್ನು ಕೊಡಲೇಬೇಕಾದಾಗ ಅದನ್ನು ವಿಕಿರಣಕ್ಕೆ ಒಡ್ಡಿ, ಆ ಕಣಗಳು ವೃದ್ಧಿಸದಂತೆ ಮಾಡಬೇಕು. ಆ ಸೌಲಭ್ಯ ಎಲ್ಲೆಡೆ ಇಲ್ಲ. ಮಗನು ರಕ್ತನಿಧಿಗೆ ದಾನ ಮಾಡಲಿ. ತಂದೆಗೆ ಅಪರಿಚಿತರ ರಕ್ತವೇ ಬರಲಿ.