ಏರಿಯ ಮೇಲಿನ ದಾರಿ: ಲ್ವಾರ್ ಕಣಿವೆಯಲ್ಲಿ ಸೈಕಲ್ ಪ್ರವಾಸ

ಫ್ರಾನ್ಸ್ ಮತ್ತು ಸೈಕಲ್ ಎಂದರೆ ನಮ್ಮವರಿಗೆ ಮೊದಲು ಹೊಳೆಯುವುದು ಟೂರ್ ದ ಫ್ರಾನ್ಸ್ ಪಂದ್ಯ, ಆಲ್ಪ್ಸ್ ಮತ್ತು ಪಿರೆನೀಸ್ ಬೆಟ್ಟಗಳ ಉಸಿರುಗಟ್ಟಿಸುವ ಏರು. ಆ ದೇಶದ ಸಾಮಾನ್ಯ ಜನ ಮಕ್ಕಳನ್ನು ಕಟ್ಟಿಕೊಂಡು ಸೈಕಲ್ಲೇರಿ ಹೊರಟರೆ ಹೆಚ್ಚಾಗಿ ಹೋಗುವುದು ಬೆಟ್ಟಕ್ಕಲ್ಲ, ಹೊಳೆಯ ದಂಡೆಗೆ. ಅಲ್ಲಿ ಏರು ಕಡಿಮೆ, ಊರುಗಳು ಹತ್ತಿರ ಹತ್ತಿರ, ದಾರಿ ತಪ್ಪುವ ಭಯವೂ ಇಲ್ಲ. ಇನ್ನೊಂದು ದೊಡ್ಡ ಕಾರಣವೆಂದರೆ ಅಲ್ಲಿ ದಾರಿ ಮೊದಲೇ ಸಿದ್ಧವಾಗಿತ್ತು. ನೆರೆಗೆ ಹೆದರಿ ಕಟ್ಟಿದ ಏರಿ, ದೋಣಿ ಎಳೆಯಲು ಮಾಡಿದ ಕಾಲುವೆಯ ದಂಡೆ, ರೈಲು ನಿಂತುಹೋದ ಹಳಿಯ ಜಾಗ ಇವೇ ಇಂದಿನ ಸೈಕಲ್ ದಾರಿಗಳು. ಇವುಗಳಲ್ಲಿ ಯಾವುದನ್ನೂ ಸೈಕಲ್ಲಿಗಾಗಿ ಕಟ್ಟಿದ್ದಲ್ಲ.

ಇದನ್ನು ಚೆನ್ನಾಗಿ ಕಾಣಬೇಕಾದರೆ ಲ್ವಾರ್ ನದಿಗೆ ಹೋಗಬೇಕು. ಸಾವಿರ ಕಿಲೋಮೀಟರಿಗೂ ತುಸು ಹೆಚ್ಚು ಉದ್ದದ ಈ ನದಿ ಫ್ರಾನ್ಸಿನಲ್ಲೇ ಅತಿ ಉದ್ದವಾದದ್ದು. ದಕ್ಷಿಣದ ಜೆರ್ಬಿಯೆ ದ ಜೊಂಕ್ ಎಂಬ ಬೆಟ್ಟದ ಬುಡದಲ್ಲಿ ಹುಟ್ಟಿ ಉತ್ತರಕ್ಕೆ ಹರಿದು, ಓರ್ಲಿಯಾನ್ ಬಳಿ ಪಶ್ಚಿಮಕ್ಕೆ ತಿರುಗಿ ಅಟ್ಲಾಂಟಿಕ್ ಸೇರುತ್ತದೆ. ನೆವೆರ್ ಪಟ್ಟಣದ ಹತ್ತಿರದಿಂದ ಕಡಲ ದಂಡೆಯ ಸೈಂ ಬ್ರೆವಾಂವರೆಗೆ ಸುಮಾರು 900 ಕಿಲೋಮೀಟರ್ ಸೈಕಲ್ ದಾರಿಯಿದೆ. 'ಲ್ವಾರ್ ಆ ವೆಲೊ' ಎಂಬುದು ಅದರ ಹೆಸರು. 1990ರ ದಶಕದ ನಡುವೆ ಎರಡು ಪ್ರಾಂತ್ಯಗಳ ಆಡಳಿತಗಳು ಸೇರಿ ಕೈಗೆತ್ತಿಕೊಂಡ ಕೆಲಸ ಅದು. ಈಗ ಅದರ ಬಹುಭಾಗ ಅಟ್ಲಾಂಟಿಕ್‌ನಿಂದ ಕಪ್ಪು ಸಮುದ್ರದವರೆಗೆ ಸಾಗುವ ಯೂರೋವೆಲೊ 6 ಎಂಬ ದೀರ್ಘ ಮಾರ್ಗದಲ್ಲಿ ಸೇರಿದೆ. ನೆವೆರ್‌ನಿಂದ ಕೆಳಗೆ ನದಿ ಕಿಲೋಮೀಟರಿಗೆ ಹೆಚ್ಚೂಕಡಿಮೆ ಒಂದಡಿಯಷ್ಟೇ ಇಳಿಯುತ್ತದೆ. ಮೊಣಕಾಲು ನೋವಿನವರೂ ತುಳಿಯಬಹುದಾದ ದಾರಿ ಇದು.

ಸೈಕಲ್ ಎಷ್ಟೋ ಕಡೆ ಸಾಗುವುದು ಏರಿಯ ಮೇಲೆ. ಒಂದು ಬದಿಗೆ ಮರಳದಿಬ್ಬಗಳ ನಡುವೆ ಹರಡಿಕೊಂಡ ನದಿ, ಇನ್ನೊಂದು ಬದಿಗೆ ತುಸು ಕೆಳಗೆ ತೋಟ, ಹೊಲ, ಮನೆಗಳ ಮಾಡು. 12ನೇ ಶತಮಾನದಿಂದಲೂ ಇಲ್ಲಿನ ಜನ ನೆರೆ ತಡೆಯಲು ಮಣ್ಣಿನ ಏರಿ ಕಟ್ಟುತ್ತಾ, ತಲೆಮಾರಿನಿಂದ ತಲೆಮಾರಿಗೆ ಎತ್ತರಿಸುತ್ತಾ ಬಂದರು. ಆದರೆ ಹರವಾಗಿ ಹರಿಯುತ್ತಿದ್ದ ನದಿಯನ್ನು ಇಕ್ಕಟ್ಟಿಗೆ ಸಿಲುಕಿಸಿದರೆ ನೀರು ಮೇಲಕ್ಕೇ ಏರಬೇಕು. ಏರಿ ಎತ್ತರವಾದಷ್ಟೂ ಅದು ಒಡೆದಾಗಿನ ಅನಾಹುತ ದೊಡ್ಡದಾಯಿತು. 1846, 1856, 1866 ಹೀಗೆ ಹತ್ತತ್ತು ವರ್ಷಕ್ಕೊಮ್ಮೆ ಮೂರು ಮಹಾನೆರೆಗಳು ಬಂದವು. 1856ರಲ್ಲಿ ಏರಿ ನೂರಕ್ಕೂ ಹೆಚ್ಚು ಕಡೆ ಬಾಯಿಬಿಟ್ಟಿತು. ದಂಡೆಯ ಊರುಗಳಲ್ಲಿ ಸೈಕಲ್ ನಿಲ್ಲಿಸಿ ಹಳೆಯ ಗೋಡೆಗಳನ್ನು ನೋಡಿ. ಕಲ್ಲಿನಲ್ಲಿ ಒಂದು ಅಡ್ಡಗೆರೆ, ಅದರ ಪಕ್ಕ ಇಸವಿ ಕೊರೆದಿರುತ್ತದೆ. ಅಲ್ಲಿಯವರೆಗೆ ನೀರು ನಿಂತಿತ್ತು ಎಂದರ್ಥ. ಕೆಲವು ಗೆರೆಗಳು ನಿಂತ ಮನುಷ್ಯನ ತಲೆಗಿಂತ ಮೇಲಿವೆ. ಕಾರಿನಲ್ಲಿ ಹೋಗುವವರ ಕಣ್ಣಿಗೆ ಇದು ಬೀಳುವುದೇ ಇಲ್ಲ.

ಈ ನದಿಯ ಗಾಳಿಯ ವಿಷಯವನ್ನು ವಿವರವಾಗಿಯೇ ಹೇಳಬೇಕು. ನೀರು ಪಶ್ಚಿಮಕ್ಕೆ ಹರಿದರೆ, ಗಾಳಿ ಹೆಚ್ಚಾಗಿ ಪಶ್ಚಿಮದ ಕಡಲಿನಿಂದ ಪೂರ್ವಕ್ಕೆ ಬೀಸುತ್ತದೆ. ಲ್ವಾರ್‌ನ ಅಂಬಿಗರು ಬದುಕಿದ್ದೇ ಇದರ ಮೇಲೆ. ಕೆಳಕ್ಕೆ ಬರುವಾಗ ಹರಿವು ಒಯ್ಯುತ್ತಿತ್ತು. ಮೇಲಕ್ಕೆ ಹೋಗುವಾಗ ತಳ ಚಪ್ಪಟೆಯಾದ ದೋಣಿಗಳನ್ನು ಒಂದಕ್ಕೊಂದು ಕಟ್ಟಿ, ಎತ್ತರದ ಚೌಕ ಹಾಯಿ ಏರಿಸಿ ಗಾಳಿಗಾಗಿ ಕಾಯುತ್ತಿದ್ದರು. ಉಪ್ಪು, ವೈನ್, ಸಕ್ಕರೆ ಎಲ್ಲವೂ ಹೀಗೆಯೇ ಸಾಗಿತು. 1846ರಲ್ಲಿ ತೂರ್ ನಗರಕ್ಕೆ, 1851ರಲ್ಲಿ ನಾಂತ್‌ಗೆ ರೈಲು ಬಂದ ಮೇಲೆ ಆ ವ್ಯಾಪಾರ ಕೆಲವೇ ವರ್ಷಗಳಲ್ಲಿ ಮುಗಿದುಹೋಯಿತು. ಗಾಳಿ ಮಾತ್ರ ಹಾಗೆಯೇ ಇದೆ. ಇಳಿಜಾರಿನ ಆಸೆಗೆ ಬಿದ್ದು ಕಡಲಿನತ್ತ ಹೊರಟವರಿಗೆ ದಿನವಿಡೀ ಎದುರುಗಾಳಿ ಸಿಗುವ ಸಂಭವವೇ ಹೆಚ್ಚು. ಕಿಲೋಮೀಟರಿಗೆ ಒಂದಡಿ ಇಳಿಜಾರಿನ ಲಾಭವನ್ನು ಆ ಗಾಳಿ ಬಡ್ಡಿಸಮೇತ ವಸೂಲು ಮಾಡುತ್ತದೆ.

ಅರಮನೆಗಳ ಬಗ್ಗೆ ಪ್ರವಾಸಿ ಪುಸ್ತಕಗಳು ಸಾಕಷ್ಟು ಹೇಳುತ್ತವೆ. ಶಾಂಬೋರ್, ಬ್ಲ್ವಾ, ವಿಲಾಂದ್ರಿಯ ತೋಟ, 1519ರಲ್ಲಿ ಲಿಯೊನಾರ್ಡೊ ಡ ವಿಂಚಿ ಕೊನೆಯುಸಿರೆಳೆದ ಆಂಬ್ವಾಜ್, ಎಲ್ಲವೂ ದಾರಿಯಲ್ಲೋ ಅದರ ಆಸುಪಾಸಿನಲ್ಲೋ ಸಿಗುತ್ತವೆ. ನನಗೆ ಅವುಗಳಿಗಿಂತ ಅವುಗಳ ಕಲ್ಲು ಹೆಚ್ಚು ಮುಖ್ಯವೆನಿಸುತ್ತದೆ. ತುಫೊ ಎಂಬ ಈ ಬಿಳಿ ಸುಣ್ಣಕಲ್ಲು ಎಷ್ಟು ಮೆದುವೆಂದರೆ ಗರಗಸದಿಂದ ಕೊಯ್ಯಬಹುದು. ಅರಮನೆಗಾಗಿ, ಇಗರ್ಜಿಗಾಗಿ ಕಲ್ಲು ತೆಗೆದಲ್ಲಿ ಗವಿಗಳು ಉಳಿದವು. ಬಡವರು ಆ ಗವಿಗಳಿಗೆ ಬಾಗಿಲು, ಕಿಟಕಿ ಇಟ್ಟು ಮನೆ ಮಾಡಿಕೊಂಡರು. ಆಮೇಲೆ ಅವು ವೈನಿನ ಉಗ್ರಾಣಗಳಾದವು, ಅಣಬೆ ಬೆಳೆಯುವ ನೆಲಮಾಳಿಗೆಗಳಾದವು. ಸೋಮ್ಯೂರ್‌ನಿಂದ ಮೊಂಸೊರೊ ಕಡೆ ಹೋಗುವಾಗ ಸೂಜೆ ಎಂಬ ಹಳ್ಳಿಯಲ್ಲಿ ಸೈಕಲ್ ದಾರಿ ಬಂಡೆಯೊಳಗೆ ಕೊರೆದ ಬೀದಿಯನ್ನೇ ಹೊಕ್ಕು ಹೊರಬರುತ್ತದೆ. ಹೊರಗಿನ ಬಿಸಿಲು ಕಳೆದು ಮೈಗೆ ಸಟ್ಟನೆ ತಂಪು ತಾಗುತ್ತದೆ. ಮೇಲೆ ದ್ರಾಕ್ಷಿ ತೋಟ. ಆ ಸೀಮೆಯಲ್ಲಿ ಬಳ್ಳಿಗಳ ನಡುವೆ ಕೆಳಗಿನ ಮನೆಗಳ ಹೊಗೆಗೂಡು ತಲೆಯೆತ್ತಿರುವುದನ್ನೂ ಕಾಣಬಹುದು.

ನದಿಯ ಮರಳು ವರ್ಷವರ್ಷವೂ ಜಾಗ ಬದಲಿಸಿ ದೋಣಿಗಳಿಗೆ ತೊಡಕಾದ್ದರಿಂದ ಪಕ್ಕದಲ್ಲೇ ಕಾಲುವೆ ತೋಡಿದರು. ಕಾಲುವೆಯಲ್ಲಿ ದೋಣಿಯನ್ನು ಕುದುರೆಗಳೋ ಮನುಷ್ಯರೋ ಹಗ್ಗ ಹಿಡಿದು ಎಳೆಯಬೇಕಿತ್ತು. ಅವರು ನಡೆಯಲು ಮಾಡಿದ ಮಟ್ಟಸ ದಂಡೆ ಈಗ ಸೈಕಲ್ಲಿನದು. ಬ್ರಿಯಾರ್‌ನಲ್ಲಿ ಈ ಕಾಲುವೆ ನದಿಯನ್ನೇ ಸೇತುವೆಯ ಮೇಲೆ ದಾಟುತ್ತದೆ. 1896ರಲ್ಲಿ ತೆರೆದ 662 ಮೀಟರ್ ಉದ್ದದ ಉಕ್ಕಿನ ತೊಟ್ಟಿಯಲ್ಲಿ ದೋಣಿಗಳು ಸಾಗಿದರೆ, ಕೆಳಗೆ ಲ್ವಾರ್ ತನ್ನ ಪಾಡಿಗೆ ತಾನು ಹರಿಯುತ್ತಿರುತ್ತದೆ. ದಕ್ಷಿಣದಲ್ಲಿ ತುಲೂಜ್‌ನಿಂದ ಮೆಡಿಟರೇನಿಯನ್ ಕಡೆಗೆ 1681ರಲ್ಲಿ ಮುಗಿದ ಕನಾಲ್ ದು ಮಿದಿಯದೂ ಇದೇ ಕಥೆ. ಬರ್ಗಂಡಿಯಲ್ಲಿ ಜಿವ್ರಿ ಮತ್ತು ಕ್ಲೂನಿ ನಡುವಿನ ಹಳೆಯ ರೈಲು ಹಳಿ ಕಿತ್ತ ಜಾಗ 1997ರಲ್ಲಿ ಸೈಕಲ್ ದಾರಿಯಾಯಿತು.

ದಾರಿ ಇದ್ದರೆ ಸಾಲದು, ತುಳಿಯುವ ಮನಸ್ಸೂ ಬೇಕು. ಅದನ್ನು ಬೆಳೆಸಿದವರಲ್ಲಿ ಮೊದಲಿಗರು ಪಾಲ್ ದ ವಿವಿ. 'ವೆಲೋಸಿಯೊ' ಎಂಬ ಹೆಸರಿನಿಂದ ಬರೆಯುತ್ತಿದ್ದ ಅವರು ಲ್ವಾರ್ ಮೇಲ್ಕಣಿವೆಗೆ ಹತ್ತಿರದ ಸೈಂತೆತಿಯೆನ್ ನಗರದಲ್ಲಿದ್ದುಕೊಂಡು 1887ರಿಂದ ಸೈಕಲ್ ಪತ್ರಿಕೆ ನಡೆಸಿದರು. ಪಂದ್ಯದವರು ಗಿಯರನ್ನು ಕೀಳಾಗಿ ಕಾಣುತ್ತಿದ್ದ ಕಾಲದಲ್ಲಿ ಅವರು ಬಹುಗಿಯರಿನ ಸೈಕಲ್ಲಿಗಾಗಿ ಹೋರಾಡಿದರು. ಟೂರ್ ದ ಫ್ರಾನ್ಸ್ ಗಿಯರ್ ಬದಲಿಸುವ ಸಾಧನವನ್ನು ಸ್ಪರ್ಧಿಗಳಿಗೆಲ್ಲ ಒಪ್ಪಿದ್ದು 1937ರಲ್ಲಿ, ಅವರು ತೀರಿಕೊಂಡು ಏಳು ವರ್ಷದ ಬಳಿಕ. ಸಸ್ಯಾಹಾರಿಯಾಗಿದ್ದ ಅವರು ಹಸಿವಾಗುವ ಮೊದಲೇ ತಿನ್ನಿ, ಬಾಯಾರುವ ಮೊದಲೇ ಕುಡಿಯಿರಿ, ಒಣಜಂಬಕ್ಕಾಗಿ ತುಳಿಯಬೇಡಿ ಎಂದು ಸವಾರರಿಗೆ ಬೋಧಿಸಿದರು. 1936ರಲ್ಲಿ ಸರ್ಕಾರ ಕಾರ್ಮಿಕರಿಗೆ ಎರಡು ವಾರ ಸಂಬಳಸಹಿತ ರಜೆ ಕೊಟ್ಟಾಗ, ಕಾರಿಲ್ಲದ ಸಾವಿರಾರು ದಂಪತಿಗಳು ಇಬ್ಬರು ತುಳಿಯುವ ಟ್ಯಾಂಡಮ್ ಸೈಕಲ್ ಹತ್ತಿ ಮೊದಲ ಬಾರಿಗೆ ತಮ್ಮ ದೇಶ ನೋಡಿದರು. ಬೆಂಗಳೂರಿನ ಸವಾರರು ಇಂದು ಮಾಡುವ 200, 600 ಕಿಲೋಮೀಟರಿನ ಬ್ರೆವೆ ಸವಾರಿಗಳ ಬೇರೂ ಫ್ರಾನ್ಸಿನಲ್ಲೇ ಇದೆ. ಅವುಗಳಿಗೆ ಮಾನ್ಯತೆ ಕೊಡುವುದು ಪ್ಯಾರಿಸ್ಸಿನ ಒಂದು ಕ್ಲಬ್ಬು.

ಹೊರಡುವವರಿಗೆ ಕೆಲವು ಮಾತು. ಹಳ್ಳಿಗಳಲ್ಲಿ ಮಧ್ಯಾಹ್ನ 12ರಿಂದ 2ರವರೆಗೆ ಅಂಗಡಿಗಳು ಬಾಗಿಲು ಹಾಕಿರುತ್ತವೆ, ಎಷ್ಟೋ ಬ್ರೆಡ್ಡಿನಂಗಡಿಗಳು ಸೋಮವಾರ ತೆರೆಯುವುದಿಲ್ಲ. ಬೆಳಿಗ್ಗೆಯೇ ಬುತ್ತಿ ಕಟ್ಟಿಕೊಳ್ಳಿ. ನೀರು ಮುಗಿದರೆ ಊರಿನ ಸ್ಮಶಾನಕ್ಕೆ ಹೋಗಿ, ಹೂಗಿಡಗಳಿಗೆಂದು ಅಲ್ಲಿ ನಲ್ಲಿ ಇರುತ್ತದೆ. ಕುಡಿಯಬಾರದೆಂಬ ಫಲಕವಿಲ್ಲವೆಂದು ಮಾತ್ರ ನೋಡಿಕೊಳ್ಳಿ. 'ಅಕ್ಯೋಯ್ ವೆಲೊ' ಎಂಬ ಫಲಕವಿರುವ ವಸತಿಗಳಲ್ಲಿ ಸೈಕಲ್ಲಿಗೆ ಭದ್ರವಾದ ಜಾಗ, ರಿಪೇರಿ ಸಾಮಾನು ಇರುತ್ತವೆ. ಕೈಯಲ್ಲಿ ಒಂದೇ ವಾರವಿದ್ದರೆ ಇಡೀ ದಾರಿಯ ಆಸೆ ಬಿಡಿ. ಮೇ, ಜೂನ್ ಇಲ್ಲವೇ ಸೆಪ್ಟೆಂಬರಿನಲ್ಲಿ ರೈಲಿನಲ್ಲಿ ಆಂಜೆಗೆ ಹೋಗಿ, ಅಲ್ಲಿಂದ ಓರ್ಲಿಯಾನ್‌ವರೆಗೆ ಪೂರ್ವಕ್ಕೆ ತುಳಿಯಿರಿ. ಗಾಳಿ ಬೆನ್ನಿಗಿರುವ ಸಂಭವವೇ ಹೆಚ್ಚು.