ಹೊಸ ನಗರ ಮತ್ತು ನಿತ್ಯಪ್ರಯಾಣ

ಬೆಂಗಳೂರಿನಿಂದ ಮೈಸೂರಿನ ದಾರಿಯಲ್ಲಿ ಸುಮಾರು 30 ಕಿಲೋಮೀಟರು ಸಾಗಿದರೆ, ತಟ್ಟೆ ಇಡ್ಲಿಗೆ ಹೆಸರಾದ ಬಿಡದಿ ಸಿಗುತ್ತದೆ. ಇದರ ಸುತ್ತ ಹೊಸ ನಗರವೊಂದನ್ನು ಕಟ್ಟುವ ಯೋಜನೆಗಾಗಿ ಸರ್ಕಾರವು 2025ರಲ್ಲಿ ಭೂಸ್ವಾಧೀನದ ಪ್ರಾಥಮಿಕ ಅಧಿಸೂಚನೆಯನ್ನು ಹೊರಡಿಸಿತು. ನೆಲವನ್ನು ಬಿಡಲೊಲ್ಲದ ರೈತರು ಪ್ರತಿಭಟಿಸಿದರು. ಕೆಲಸವಿರುವಲ್ಲಿಯೇ ಮನೆಯೂ ಇದ್ದರೆ ನಿತ್ಯಪ್ರಯಾಣ ತಗ್ಗುವುದೆಂಬುದು ಇಂತಹ ಯೋಜನೆಗಳ ಆಶಯ. ಇದು ಕೈಗೂಡುವುದೆ? ಶಾಲೆಯಲ್ಲಿ ನಾವು ಕಲಿತ ಗಣಿತವೇ ಇಲ್ಲಿ ನೆರವಿಗೆ ಬರುತ್ತದೆ.

ಮನೆಯನ್ನು ಆರಿಸುವಾಗ ಜನರು ದೂರವನ್ನು ಅಳೆಯುವುದು ಗಡಿಯಾರದಿಂದ. ವಾಹನಗಳ ವೇಗ ಹೆಚ್ಚಿದರೂ ಮನುಷ್ಯನು ಪ್ರಯಾಣಕ್ಕೆ ದಿನವೊಂದಕ್ಕೆ ಸರಾಸರಿ ಒಂದು ಗಂಟೆಯನ್ನೇ ವಿನಿಯೋಗಿಸುತ್ತಾನೆಂದು ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿಯವರು 1994ರಲ್ಲಿ ವಾದಿಸಿದರು. ಇದು ನ್ಯೂಟನ್ನನ ನಿಯಮದಂತೆ ಕಟ್ಟುನಿಟ್ಟಾದುದಲ್ಲ. ದೊಡ್ಡ ನಗರಗಳಲ್ಲಿ ಇದಕ್ಕಿಂತ ಹೆಚ್ಚು ಹೊತ್ತು ದಾರಿಯಲ್ಲಿಯೇ ಕಳೆಯುವವರು ಅನೇಕರು. ಆದರೂ ಸ್ಥೂಲವಾದ ಲೆಕ್ಕಕ್ಕೆ ಇದು ಸಾಕು.

ಹೋಗಲು ಅರ್ಧ ಗಂಟೆ, ಬರಲು ಅರ್ಧ ಗಂಟೆ ಎಂದಿಟ್ಟುಕೊಳ್ಳೋಣ. ಗಂಟೆಗೆ 20 ಕಿಲೋಮೀಟರು ವೇಗದಲ್ಲಿ ಅರ್ಧ ಗಂಟೆಗೆ 10 ಕಿಲೋಮೀಟರು ಸಾಗಬಹುದು. ಕೆಲಸದ ಸ್ಥಳವನ್ನು ಕೇಂದ್ರವಾಗಿಟ್ಟುಕೊಂಡು ಈ ತ್ರಿಜ್ಯದಿಂದ ವೃತ್ತವೊಂದನ್ನು ಎಳೆದರೆ, ಅದರ ವಿಸ್ತೀರ್ಣ ಸುಮಾರು 314 ಚದರ ಕಿಲೋಮೀಟರು. ವೇಗವು 40 ಕಿಲೋಮೀಟರಾದರೆ ತ್ರಿಜ್ಯ 20. ವಿಸ್ತೀರ್ಣವೋ 1,256 ಚದರ ಕಿಲೋಮೀಟರು! ವೇಗ ಎರಡರಷ್ಟಾದಾಗ ಮನೆ ಮಾಡಬಹುದಾದ ಪ್ರದೇಶ ನಾಲ್ಕರಷ್ಟಾಯಿತು. ಆದುದರಿಂದ ವೇಗದ ರಸ್ತೆಯು ಪ್ರಯಾಣದ ಕಾಲವನ್ನು ಉಳಿಸುವುದಕ್ಕೆ ಬದಲಾಗಿ ಮನೆಗಳನ್ನೇ ದೂರಕ್ಕೆ ಚದುರಿಸಬಹುದು. ನಿವೇಶನಗಳಿಗೆ ಬೇಡಿಕೆಯು ಹಳ್ಳಿಯಿಂದ ಹಳ್ಳಿಗೆ ಹಬ್ಬುವುದು ಹೀಗೆಯೇ.

ಈ ವೃತ್ತವು ಎಲ್ಲರಿಗೂ ಒಂದೇ ಅಲ್ಲ. ಬಿಡದಿಯ ಬಳಿ ಹಾದುಹೋಗುವ ಬೆಂಗಳೂರು-ಮೈಸೂರು ಹೆದ್ದಾರಿಯು 2023ರ ಮಾರ್ಚಿಯಲ್ಲಿ ಉದ್ಘಾಟನೆಯಾಯಿತು. ಅದೇ ಆಗಸ್ಟಿನಿಂದ ಅದರ ಮುಖ್ಯ ಪಥಗಳಲ್ಲಿ ದ್ವಿಚಕ್ರ ವಾಹನಗಳನ್ನೂ ಆಟೋರಿಕ್ಷಾಗಳನ್ನೂ ನಿಷೇಧಿಸಲಾಯಿತು. ಕಾರುಳ್ಳವನ ವೃತ್ತ ಹಿಗ್ಗಿತು. ಮೋಟಾರು ಸೈಕಲ್ಲಿನವನಿಗೆ ಪಕ್ಕದ ರಸ್ತೆಯೇ ಗತಿಯಾಯಿತು.

ಇನ್ನು ಮನೆಗಳ ಲೆಕ್ಕ. ಹೊಸ ನಗರವೊಂದರಲ್ಲಿ 90,000 ಉದ್ಯೋಗಗಳು ಹುಟ್ಟಿದುವೆಂದು ಊಹಿಸೋಣ. ಎರಡು ಮನೆಗಳಿಗೆ ಮೂವರು ದುಡಿಯುವವರಿದ್ದು, ಎಲ್ಲರೂ ಅಲ್ಲಿಯೇ ಕೆಲಸ ಮಾಡಿದರೆ 60,000 ಮನೆಗಳು ಬೇಕು. ಅವರ ಸಂಬಳಕ್ಕೆ ಎಟಕುವ ಮನೆಗಳು 20,000 ಮಾತ್ರವೇ ಇದ್ದರೆ? ಉಳಿದ 40,000 ಕುಟುಂಬಗಳು ಹೊರಗೆ ಬಾಡಿಗೆಗೆ ಮನೆ ಹುಡುಕಬೇಕು; 60,000 ಮಂದಿ ದಿನವೂ ಪ್ರಯಾಣ ಮಾಡಬೇಕು. ನಗರದೊಳಗೆ ದುಬಾರಿ ಮನೆಗಳು ಖಾಲಿ ಬಿದ್ದಿದ್ದರೂ ಇದು ತಪ್ಪದು.

ಇಂಗ್ಲೆಂಡಿನವರು ಈ ತೊಡಕನ್ನು ಮೊದಲೇ ಮನಗಂಡಿದ್ದರು. ಲಂಡನ್ನಿನ ಉತ್ತರಕ್ಕೆ ಸುಮಾರು 50 ಕಿಲೋಮೀಟರು ದೂರದಲ್ಲಿ, 1946ರ ಶಾಸನದಂತೆ ಮೊಟ್ಟಮೊದಲು ನಿಯೋಜಿತವಾದ ಹೊಸ ಊರು ಸ್ಟೀವನೇಜ್. ಆರಂಭದಲ್ಲಿ ಆ ಊರಿನಲ್ಲಿ ಕೆಲಸ ದೊರೆತವರಿಗೆ ಆದ್ಯತೆಯಿತ್ತು, ಸಾರ್ವಜನಿಕ ನಿಗಮವೇ ಮನೆಗಳನ್ನು ಬಾಡಿಗೆಗೆ ಕೊಡುತ್ತಿತ್ತು. ಕೆಲಸವನ್ನೂ ಮನೆಯನ್ನೂ ಹೀಗೆ ಜೊತೆಗೂಡಿಸಿದ್ದರು. ಆದರೂ ಕಾಲಕ್ರಮದಲ್ಲಿ ಅಲ್ಲಿಂದ ರೈಲಿನಲ್ಲಿ ಲಂಡನ್ನಿಗೆ ದುಡಿಯಲು ಹೋಗುವವರು ಇಲ್ಲದಿರಲಿಲ್ಲ.

ಆದುದರಿಂದ, ಹೊಸ ನಗರದ ನಕ್ಷೆಯನ್ನು ಕಂಡಾಗ ರಸ್ತೆಗಳ ಅಗಲವನ್ನಷ್ಟೇ ನೋಡಿ ತೃಪ್ತರಾಗುವುದು ಬೇಡ. ಅಲ್ಲಿ ಕಸ ಗುಡಿಸುವವಳು, ಕಾರ್ಖಾನೆಯ ಕಾರ್ಮಿಕ, ಶಾಲೆಯ ಉಪಾಧ್ಯಾಯ, ನೆಲವನ್ನು ಕಳೆದುಕೊಂಡ ರೈತನ ಮಗ, ಇವರೆಲ್ಲ ಎಲ್ಲಿ ವಾಸಿಸುವರು, ಎಷ್ಟು ಬಾಡಿಗೆ ತೆರುವರು ಎಂದು ನಾವು ಕೇಳಬೇಕು. ಇದಕ್ಕೆ ಉತ್ತರ ದೊರೆಯದಿದ್ದರೆ, ರೈತನ ಹೊಲವೂ ಹೋಗಿ, ನಿತ್ಯಪ್ರಯಾಣವೂ ಉಳಿದೀತು.