ಬೆಣಚು ಒಂದೇ, ಕಲ್ಲು ಮೂರು: ಗುರುತಿಸೋದು ಹೇಗೆ?

ಬಾದಾಮಿಗೆ ಹೋದವರು ಕೆಂಪು ಬಂಡೆ ಎದುರು ಫೋಟೊ ತೆಗೆಸಿಕೊಳ್ಳದೆ ಬರಲ್ಲ. ಆ ಬಂಡೆ ಮರಳುಗಲ್ಲು. ಆದರೆ ಅದೇ ಮಲಪ್ರಭಾ ಕಣಿವೆಯಲ್ಲಿ, ನೋಡೋಕೆ ಹತ್ತಿರ ಹತ್ತಿರ ಹಾಗೇ ಇರುವ ಕ್ವಾರ್ಟ್ಜೈಟ್ ಕೂಡ ಸಿಗುತ್ತೆ. ಇವೆರಡರ ಜೊತೆಗೆ ಚರ್ಟ್ ಅನ್ನೋ ಇನ್ನೊಂದು ಕಲ್ಲಿದೆ. ಚಕಮಕಿ ಕಲ್ಲಿನ ಬಳಗದ್ದು ಅಂದ್ಕೊಳ್ಳಿ. ಮೂರರಲ್ಲೂ ಇರೋದು ಮುಖ್ಯವಾಗಿ ಬೆಣಚು, ಅಂದ್ರೆ ಕ್ವಾರ್ಟ್ಜ್. ಹಾಗಾದ್ರೆ ಬೇರೆ ಬೇರೆ ಅಂತ ಗುರುತಿಸೋದು ಹೇಗೆ?

ಮೊದಲು ಒಂದು ಮಾತು: ಬಣ್ಣ ನಂಬಬೇಡಿ. ಸ್ವಲ್ಪ ಕಬ್ಬಿಣದ ಅಂಶ ಸೇರಿದರೆ ಸಾಕು, ಮೂರೂ ಕೆಂಪಾಗ್ತವೆ. ಗಡಸುತನವೂ ಪೂರ್ತಿ ಸಹಾಯ ಮಾಡಲ್ಲ. ಮೋಸ್ ಅಳತೆಯಲ್ಲಿ ಬೆಣಚಿನ ಗಡಸುತನ 7. ಮೂರೂ ಗಾಜನ್ನು ಗೀರುತ್ತವೆ. ಮನೆಯ ನೆಲಕ್ಕೆ ಹಾಸೋ ಶಹಾಬಾದ್ ಕಲ್ಲು ಸುಣ್ಣದಕಲ್ಲು, ಅದರ ಮೇಲೆ ಚಾಕುವಿನ ಗೀರು ಬೀಳುತ್ತೆ. ಅದನ್ನು ಪಕ್ಕಕ್ಕಿಡೋಕೆ ಮಾತ್ರ ಈ ಪರೀಕ್ಷೆ ಸಾಕು.

ನಿಜವಾದ ಗುಟ್ಟು ಇರೋದು ಕಲ್ಲಿನ ಹೊಸದಾಗಿ ಮುರಿದ ಮೈಯಲ್ಲಿ. ಫೋನಿನ ಕ್ಯಾಮೆರಾ ಹತ್ತಿರ ಹಿಡಿದು ಝೂಮ್ ಮಾಡಿ ನೋಡಿ.

ಮರಳುಗಲ್ಲಿನಲ್ಲಿ ಮರಳಿನ ಕಾಳುಗಳು ಒಂದಕ್ಕೊಂದು ಅಂಟಿಕೊಂಡಿರ್ತವೆ. ಕಾಳು ಗಟ್ಟಿ, ಅಂಟು ಮೆತ್ತಗೆ. ಹಾಗಾಗಿ ಬಿರುಕು ಕಾಳುಗಳ ಸುತ್ತ ಬಳಸಿಕೊಂಡು ಹೋಗುತ್ತೆ. ಮೈ ಸಕ್ಕರೆ ಅಚ್ಚಿನ ಥರ ತರಿತರಿ. ಬೆರಳಲ್ಲಿ ಉಜ್ಜಿದ್ರೆ ಎಷ್ಟೋ ಸಲ ಕಾಳು ಉದುರುತ್ತೆ. ಹನಿ ನೀರು ಬಿಟ್ಟರೆ ಸಾಮಾನ್ಯವಾಗಿ ಹೀರಿಕೊಳ್ಳುತ್ತೆ.

ಕ್ವಾರ್ಟ್ಜೈಟ್‌ನಲ್ಲಿ ಅಂಟೂ ಬೆಣಚೇ. ಕಾಳಿನಷ್ಟೇ ಅಂಟೂ ಗಟ್ಟಿ ಆಗಿರೋದ್ರಿಂದ ಬಿರುಕು ಕಾಳನ್ನೇ ಸೀಳಿಕೊಂಡು ಹೋಗುತ್ತೆ. ಮುರಿದ ಮೈ ನುಣುಪು, ಮಿನುಗು. ನೀರಿನ ಹನಿ ಮೇಲೇ ಕೂರುತ್ತೆ. ಇದರಲ್ಲೂ ಎರಡು ಬಗೆ. ಒಂದು, ಸಿಲಿಕಾ ತುಂಬಿ ಗಟ್ಟಿಯಾದ ಮರಳುಗಲ್ಲೇ. ಇನ್ನೊಂದು, ಭೂಮಿಯೊಳಗಿನ ಶಾಖ, ಒತ್ತಡದಲ್ಲಿ ರೂಪಾಂತರಗೊಂಡದ್ದು. ಇವನ್ನು ಬರಿಗಣ್ಣಲ್ಲಿ ಬೇರೆ ಮಾಡೋದು ಕಷ್ಟ. ಸೂಕ್ಷ್ಮದರ್ಶಕದಲ್ಲಿ ಮೊದಲನೆಯದರ ದುಂಡು ಕಾಳುಗಳ ಅಂಚು ಉಳಿದಿರುತ್ತೆ. ಎರಡನೆಯದರಲ್ಲಿ ಕಾಳುಗಳು ಒಂದರೊಳಗೊಂದು ಹೆಣೆದುಕೊಂಡಿರ್ತವೆ.

ಚರ್ಟ್‌ನಲ್ಲಿ ಕಾಳೇ ಕಾಣಲ್ಲ. ಅದರ ಹರಳುಗಳು ಅಷ್ಟು ಸಣ್ಣ. ಒಡೆದರೆ ಗಾಜಿನ ಹಾಗೆ ಚಿಪ್ಪಿನಾಕಾರದ ತಗ್ಗು ಬೀಳುತ್ತೆ, ಅಂಚು ಬೆರಳು ಕೊಯ್ಯುವಷ್ಟು ಚೂಪು. ಹುಷಾರು!

ಈ ವ್ಯತ್ಯಾಸ ನಮ್ಮ ಹಿರೀಕರಿಗೆ ಚೆನ್ನಾಗಿ ಗೊತ್ತಿತ್ತು. ಮಲಪ್ರಭಾ ದಂಡೆಯ ಶಿಲಾಯುಗದ ಜನ ಕೈಗೊಡಲಿ ಮಾಡಿದ್ದು ಕ್ವಾರ್ಟ್ಜೈಟ್‌ನಲ್ಲಿ. ಮಸ್ಕಿಯ ಜನ ಸಣ್ಣ ಅಲಗು ತೆಗೆದದ್ದು ಚರ್ಟ್‌ನಲ್ಲಿ. ಬಾದಾಮಿಯ ಮೂರನೇ ಗುಹೆಯಲ್ಲಿ ಕ್ರಿ.ಶ. 578ರ ಶಾಸನ ಇದೆ. ಆ ಗುಹೆ ಕೊರೆದ ಚಾಲುಕ್ಯರ ಶಿಲ್ಪಿಗಳಿಗೆ ಉಳಿಗೆ ಬಗ್ಗುವ ಮರಳುಗಲ್ಲು ಸಿಕ್ಕಿತ್ತು. ಅಂದಹಾಗೆ, ಸುತ್ತಿಗೆ ಹಿಡ್ಕೊಂಡು ಸ್ಮಾರಕದ ಹತ್ತಿರ ಹೋಗಬೇಡಿ, ಅದು ಅಪರಾಧ. ದಾರಿ ಬದಿಯಲ್ಲಿ ಮೊದಲೇ ಒಡೆದು ಬಿದ್ದ ಚೂರು ಸಾಕು.

ಕೊನೆಗೆ ಮುಖ್ಯವಾದದ್ದು. ನಮ್ಮ ಕಣ್ಣಿಗೆ ಇವು ಮೂರು ಕಲ್ಲು, ಆದರೆ ಶ್ವಾಸಕೋಶಕ್ಕೆ ಮೂರೂ ಒಂದೇ. ಒಣಗಿಸಿಯೇ ಕತ್ತರಿಸಿದರೆ, ಉಜ್ಜಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾ ಧೂಳು ಏಳುತ್ತೆ. ವರ್ಷಗಟ್ಟಲೆ ಅದನ್ನು ಉಸಿರಾಡಿದವರಿಗೆ ಸಿಲಿಕೋಸಿಸ್ ಬರುತ್ತೆ. ಪೂರ್ತಿ ವಾಸಿ ಮಾಡೋ ಔಷಧ ಇಲ್ಲ. ರಾಜಸ್ಥಾನದ ಮರಳುಗಲ್ಲಿನ ಗಣಿ ಕಾರ್ಮಿಕರು, ಗುಜರಾತಿನ ಖಂಭಾತ್‌ನಲ್ಲಿ ಅಗೇಟ್ ಉಜ್ಜುವವರು ಈ ಕಾಯಿಲೆಯಿಂದ ನರಳಿದ್ದಾರೆ. ಅಗೇಟ್ ಕೂಡ ಬೆಣಚೇ!

ನಿಮ್ಮ ಮನೆಗೋ ಬೀದಿಗೋ ಕಲ್ಲು ಕತ್ತರಿಸೋಕೆ ಯಾರಾದರೂ ಬಂದರೆ ಎರಡು ವಿಷಯ ನೋಡಿ. ಬ್ಲೇಡಿನ ಮೇಲೆ ನೀರು ಬೀಳ್ತಾ ಇದೆಯಾ? ಕೆಲಸದವರ ಮುಖಕ್ಕೆ ಸರಿಯಾದ ಮಾಸ್ಕ್ ಇದೆಯಾ? ಮೂಗಿಗೆ ಟವೆಲ್ ಕಟ್ಟಿದರೆ ಈ ಧೂಳು ನಿಲ್ಲಲ್ಲ. ಇಲ್ಲ ಅಂತಾದ್ರೆ ಕೆಲಸ ಕೊಟ್ಟವರನ್ನು ಕೇಳಿ. ಮಾಸ್ಕ್ ತರಿಸೋದು, ನೀರಿನ ವ್ಯವಸ್ಥೆ ಮಾಡೋದು ಅವರ ಜವಾಬ್ದಾರಿ.